ಚಾರ್ಲಿ ರಾಬರ್ಟ್ಸ್ ಇಂಗ್ಲೆಂಡ್ ಪರ ಮೂರೇ ಮ್ಯಾಚ್ ಆಡಿದ್ದು ಯಾಕೆ?

ಓದುಗರ ಪ್ರಶ್ನೆ: ನೂರು ವರ್ಷದ ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್ ಕ್ಯಾಪ್ಟನ್ ಆಗಿದ್ದ ಚಾರ್ಲಿ ರಾಬರ್ಟ್ಸ್ ಬಗ್ಗೆ ಈಚೆಗೆ ಓದಿದೆ. ಅಷ್ಟು ದೊಡ್ಡ ಆಟಗಾರ, ಆದರೂ ದೇಶದ ಪರ ಆಡಿದ್ದು ಮೂರೇ ಮ್ಯಾಚ್. ಆಟಗಾರರ ಯೂನಿಯನ್ ಕಟ್ಟಿದ್ದಕ್ಕೆ ಅವರ ಮೇಲೆ ಸೇಡು ತೀರಿಸಿಕೊಂಡರು ಅಂತ ಹೇಳುತ್ತಾರೆ. ಇದು ನಿಜವೇ? ಆಗಿನ ಪ್ರೊಫೆಶನಲ್ ಆಟಗಾರರಿಗೆ ಎಷ್ಟು ದುಡ್ಡು ಸಿಗುತ್ತಿತ್ತು, ಜೀವನ ಹೇಗಿತ್ತು?

ಉತ್ತರ:

ಸೇಡಿನ ಕತೆ ಅರ್ಧ ನಿಜ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅದು ಸ್ವಲ್ಪ ಬೇರೆ ಥರ ಕಾಣುತ್ತದೆ. ಆದರೆ ಅಲ್ಲಿಗೆ ಹೋಗುವ ಮುಂಚೆ ನಿಮ್ಮ ದುಡ್ಡಿನ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಅದು ಗೊತ್ತಾಗದೆ ರಾಬರ್ಟ್ಸ್ ಯಾಕೆ ಅಷ್ಟು ಹಟ ಹಿಡಿದ ಅನ್ನುವುದು ಅರ್ಥ ಆಗುವುದಿಲ್ಲ.

ರಾಬರ್ಟ್ಸ್ ಹುಟ್ಟಿದ್ದು 1883ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಉತ್ತರಕ್ಕಿರುವ ಡಾರ್ಲಿಂಗ್ಟನ್ ಊರಲ್ಲಿ. ರೈಲು ಮತ್ತು ಕಬ್ಬಿಣದ ಊರು ಅದು. ಆ ಕಡೆ ಹುಡುಗರ ಮುಂದೆ ಇದ್ದ ದಾರಿಗಳು ಕಡಿಮೆ. ಕಬ್ಬಿಣದ ಕಾರ್ಖಾನೆ, ರೈಲ್ವೆ, ಇಲ್ಲವೇ ಕಲ್ಲಿದ್ದಲ ಗಣಿ. ಕಾಲು ಚುರುಕಾಗಿದ್ದರೆ ಫುಟ್‌ಬಾಲ್. ರಾಬರ್ಟ್ಸ್‌ಗೆ ಕಾಲು ಚುರುಕಾಗಿತ್ತು. ಮೊದಲು ಬಿಷಪ್ ಆಕ್ಲೆಂಡ್ ಕ್ಲಬ್‌ನಲ್ಲಿ ಆಡಿದ. ಆಮೇಲೆ ಗ್ರಿಮ್ಸ್‌ಬಿ ಟೌನ್‌ಗೆ ಹೋದ. 1904ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೆಲವು ನೂರು ಪೌಂಡ್ ಕೊಟ್ಟು ಅವನನ್ನು ಕೊಂಡುಕೊಂಡಿತು. ಆಗ ಅವನಿಗೆ 21.

'ಕೊಂಡುಕೊಂಡಿತು' ಅನ್ನುವುದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಅದು ಹೇಗೆ ಅಂತ ನೋಡೋಣ.

ಇಂಗ್ಲೆಂಡಿನಲ್ಲಿ ದುಡ್ಡು ತಗೊಂಡು ಫುಟ್‌ಬಾಲ್ ಆಡುವುದಕ್ಕೆ ಒಪ್ಪಿಗೆ ಸಿಕ್ಕಿದ್ದು 1885ರಲ್ಲಿ. ಕೊಟ್ಟಿದ್ದು ಆಟದ ಆಡಳಿತ ನಡೆಸುವ ಫುಟ್‌ಬಾಲ್ ಅಸೋಸಿಯೇಷನ್, ಎಲ್ಲರೂ ಕರೆಯುವ ಹಾಗೆ ಎಫ್‌ಎ. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ಒಪ್ಪಿಗೆ ಅದು. ಎಫ್‌ಎ ನಡೆಸುತ್ತಿದ್ದವರಲ್ಲಿ ಬಹಳ ಮಂದಿ ಉಳ್ಳವರು, ಶೋಕಿಗೆ ಆಡಿದವರು. ಮೈದಾನಕ್ಕೆ ಇಳಿಯುವವರಲ್ಲಿ ಜಾಸ್ತಿ ಮಂದಿ ಗಣಿ, ಮಿಲ್ಲು, ಕುಲುಮೆಯಿಂದ ಬಂದವರು. ಈ ಎರಡು ಗುಂಪಿನ ನಡುವಿನ ಅಪನಂಬಿಕೆ ಮುಂದಿನ ಕತೆ ಉದ್ದಕ್ಕೂ ಇದೆ.

ಆಟಗಾರನ ಕೈ ಕಟ್ಟಿಹಾಕಿದ್ದು ಎರಡು ನಿಯಮಗಳು. 1901ರಿಂದ ವಾರದ ಸಂಬಳಕ್ಕೆ ನಾಲ್ಕು ಪೌಂಡ್ ಮಿತಿ ಬಂತು. ನೀವು ಎಷ್ಟೇ ದೊಡ್ಡ ಆಟಗಾರ ಆಗಿರಿ, ಕ್ಲಬ್ ಎಷ್ಟೇ ಶ್ರೀಮಂತ ಆಗಿರಲಿ, ನಾಲ್ಕು ಪೌಂಡ್ ದಾಟುವ ಹಾಗಿಲ್ಲ. ಮ್ಯಾಚ್ ಗೆದ್ದರೆ ಬೋನಸ್ ಕೂಡ ಇಲ್ಲ. ಇನ್ನೊಂದು ನಿಯಮ ಇದಕ್ಕಿಂತ ಹಳೆಯದು, 1890ರ ದಶಕದ್ದು. ಆಟಗಾರನ ನೋಂದಣಿ ಕ್ಲಬ್ ಕೈಯಲ್ಲಿ ಇರುತ್ತಿತ್ತು. ಒಪ್ಪಂದ ಒಂದು ವರ್ಷದ್ದು. ವರ್ಷ ಮುಗಿದ ಮೇಲೆ ಕ್ಲಬ್ ಸಂಬಳ ಕೊಡದಿದ್ದರೂ ನೋಂದಣಿ ಮಾತ್ರ ಬಿಡಬೇಕಾಗಿರಲಿಲ್ಲ. ಅದು ಬಿಡದೆ ಲೀಗ್‌ನ ಬೇರೆ ಕ್ಲಬ್‌ನಲ್ಲಿ ಆಡುವುದಕ್ಕೆ ಆಗುವುದಿಲ್ಲ. ನಮ್ಮಲ್ಲಿ ಹಳೇ ಕಂಪನಿ ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸುತ್ತದಲ್ಲ, ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಇಡೀ ಉದ್ಯಮವೇ ಒಟ್ಟಾಗಿ ಆ ಲೆಟರ್ ಕೇಳುತ್ತಿತ್ತು.

ನಾಲ್ಕು ಪೌಂಡ್ ಅಂದರೆ ಎಷ್ಟು? ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 15 ರೂಪಾಯಿ. ಅಂದರೆ ವಾರಕ್ಕೆ 60 ರೂಪಾಯಿ. ಅಲ್ಲಿನ ಕಸುಬು ಬಲ್ಲ ಕಾರ್ಮಿಕನಿಗೆ ವಾರಕ್ಕೆ ಒಂದೂವರೆ, ಎರಡು ಪೌಂಡ್ ಸಿಗುತ್ತಿದ್ದ ಕಾಲ. ಅವನಿಗೆ ಹೋಲಿಸಿದರೆ ನಾಲ್ಕು ಪೌಂಡ್ ಕಡಿಮೆ ಅಲ್ಲ, ಒಳ್ಳೆ ಸಂಬಳವೇ. ಎಫ್‌ಎ ಕೂಡ ಇದನ್ನೇ ಹೇಳುತ್ತಿತ್ತು. ಆದರೆ ಮೂರು ವಿಷಯ ಆ ಮಾತಿನಲ್ಲಿ ಬರುತ್ತಿರಲಿಲ್ಲ. ನಾಲ್ಕು ಪೌಂಡ್ ಮುಟ್ಟುತ್ತಿದ್ದವರು ಮೇಲಿನ ಸಾಲಿನ ಆಟಗಾರರು ಮಾತ್ರ. ಎಷ್ಟೋ ಕ್ಲಬ್‌ಗಳು ಬೇಸಿಗೆಯಲ್ಲಿ, ಆಟ ಇಲ್ಲದ ತಿಂಗಳುಗಳಲ್ಲಿ, ಸಂಬಳ ಕಡಿಮೆ ಮಾಡುತ್ತಿದ್ದವು. ಕಾರ್ಮಿಕ 60ರ ತನಕ ದುಡಿಯಬಹುದು, ಆಟಗಾರನ ಮಂಡಿ ಮೂವತ್ತೈದಕ್ಕೆಲ್ಲ ಕೈಕೊಡುತ್ತದೆ.

ಇನ್ನೊಂದು ಕಡೆ ಕ್ಲಬ್‌ಗಳು ಆಟಗಾರರನ್ನು ಮಾರಿ ಕೊಳ್ಳುವುದಕ್ಕೆ ಮಾತ್ರ ಮಿತಿಯೇ ಇರಲಿಲ್ಲ. 1905ರ ಫೆಬ್ರವರಿಯಲ್ಲಿ ಮಿಡಲ್ಸ್‌ಬರೋ ಕ್ಲಬ್ ಸಂಡರ್‌ಲೆಂಡ್‌ನಿಂದ ಆಲ್ಫ್ ಕಾಮನ್ ಅನ್ನುವ ಆಟಗಾರನನ್ನು ಸಾವಿರ ಪೌಂಡಿಗೆ ಕೊಂಡಿತು. ಸಾವಿರ ಪೌಂಡ್ ಮುಟ್ಟಿದ ಮೊದಲ ವರ್ಗಾವಣೆ ಅದು. ಪೇಪರುಗಳು ಮನುಷ್ಯರನ್ನು ಮಾರುತ್ತಿದ್ದಾರೆ ಅಂತ ಕೂಗಾಡಿದವು. ಕಾಮನ್‌ಗೆ ಸಿಗುತ್ತಿದ್ದದ್ದು ಮಾತ್ರ ಅದೇ ವಾರದ ಸಂಬಳ. 1908ರಲ್ಲಿ ಎಫ್‌ಎ ವರ್ಗಾವಣೆಗೂ 350 ಪೌಂಡಿನ ಮಿತಿ ಹಾಕಿತು. ಕ್ಲಬ್‌ಗಳು ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಆ ನಿಯಮ ವಾಪಸ್ ಹೋಯಿತು. ಆಟಗಾರರ ಸಂಬಳದ ಮಿತಿ ಹೋಗುವುದಕ್ಕೆ ಹಿಡಿದದ್ದು 60 ವರ್ಷ. ಯಾರ ಮಾತು ನಡೆಯುತ್ತಿತ್ತು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನು ರಾಬರ್ಟ್ಸ್ ಆಟ. ಅವನು ಸೆಂಟರ್ ಹಾಫ್. ಈಗ ನೀವು ಟಿವಿಯಲ್ಲಿ ನೋಡುವ, ಗೋಲಿನ ಮುಂದೆ ಕಾವಲು ನಿಲ್ಲುವ ಸೆಂಟರ್ ಹಾಫ್ ಅಲ್ಲ. ಆಗ ತಂಡ ನಿಲ್ಲುತ್ತಿದ್ದದ್ದು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ನಡುವಿನ ಮೂವರಲ್ಲಿ ಮಧ್ಯದವನೇ ಸೆಂಟರ್ ಹಾಫ್. ಎದುರಾಳಿಯ ಮುಂದಿನ ಸಾಲಿನ ಆಟಗಾರನನ್ನು ತಡೆಯಬೇಕು, ಚೆಂಡು ಸಿಕ್ಕ ಕೂಡಲೇ ಮುಂದಿನವರಿಗೆ ಉದ್ದ ಪಾಸ್ ಕೊಡಬೇಕು, ಸಂದರ್ಭ ಬಂದರೆ ತಾನೇ ಮುಂದೆ ನುಗ್ಗಬೇಕು. ಇಡೀ ತಂಡದಲ್ಲಿ ಜಾಸ್ತಿ ಓಡುವವನು ಅವನೇ. ರಾಬರ್ಟ್ಸ್ ನೂರು ಗಜವನ್ನು 11 ಸೆಕೆಂಡಿನಲ್ಲಿ ಓಡುತ್ತಿದ್ದ ಅಂತ ಆಗಿನವರು ಹೇಳುತ್ತಿದ್ದರು. ಎತ್ತರದ ಆಳು, ಬಿಳಿಚಿಕೊಂಡ ಮುಖ. 'ಬೂಟು ಹಾಕಿದ ದೆವ್ವ' ಅಂತ ಜನ ಅವನಿಗೆ ಅಡ್ಡಹೆಸರು ಇಟ್ಟಿದ್ದರು.

ಚಡ್ಡಿಯ ವಿಷಯಕ್ಕೂ ಅವನು ಹೆಸರುವಾಸಿ. ಆಟಗಾರರ ಚಡ್ಡಿ ಮಂಡಿ ಮುಚ್ಚಬೇಕು ಅಂತ 1904ರಲ್ಲಿ ಎಫ್‌ಎ ಹೇಳಿತು. ಅಷ್ಟುದ್ದದ ಚಡ್ಡಿ ಹಾಕಿಕೊಂಡು ಓಡುವುದು ಅವನಿಗೆ ಸರಿಬರಲಿಲ್ಲ. ಗಿಡ್ಡ ಚಡ್ಡಿಯಲ್ಲೇ ಆಡಿದ. ಸಣ್ಣ ವಿಷಯವೇ. ಆದರೆ ದೊಡ್ಡವರು ಹೇಳಿದರು ಅಂತ ಒಪ್ಪಿಕೊಳ್ಳುವ ಆಸಾಮಿ ಅವನಲ್ಲ ಅನ್ನುವುದು ಅಲ್ಲೇ ಕಂಡಿತ್ತು.

ದಿನದ ಬದುಕು ಹೇಗಿತ್ತು ಅಂತ ಕೇಳಿದ್ದೀರಿ. ಸೆಪ್ಟೆಂಬರ್‌ನಿಂದ ಏಪ್ರಿಲ್ ತನಕ, 20 ಕ್ಲಬ್‌ಗಳ ಲೀಗ್‌ನಲ್ಲಿ 38 ಮ್ಯಾಚ್. ಜೊತೆಗೆ ಎಫ್‌ಎ ಕಪ್, ಸೋತವರು ಹೊರಗೆ ಹೋಗುವ ಪಂದ್ಯಾವಳಿ. ಶನಿವಾರ ಮಧ್ಯಾಹ್ನ ಆಟ, ಯಾಕೆಂದರೆ ಕಾರ್ಖಾನೆಗಳು ಬಿಡುತ್ತಿದ್ದದ್ದು ಆಗಲೇ. ಕ್ರಿಸ್ಮಸ್ ದಿನವೂ ಆಟ, ಗುಡ್ ಫ್ರೈಡೇ ದಿನವೂ ಆಟ, ರಜಾ ಇದ್ದಾಗಲೇ ಜನ ಬರುವುದು. ಬದಲಿ ಆಟಗಾರ ಅನ್ನುವುದೇ ಇಲ್ಲ. ಕಾಲು ಮುರಿದರೆ ತಂಡ ಹತ್ತೇ ಜನರ ಜೊತೆ ಆಡಬೇಕು. ಚೆಂಡು ದಪ್ಪ ಚರ್ಮದ್ದು, ಬಾಯಿಗೆ ಲೇಸು ಕಟ್ಟಿರುತ್ತಿತ್ತು. ಮಳೆಯಲ್ಲಿ ನೆನೆದರೆ ಕಲ್ಲಿನಷ್ಟು ಭಾರ. ತರಬೇತಿ ಅಂದರೆ ಮೈದಾನದ ಸುತ್ತ ಓಟ, ಉದ್ದನೆ ನಡಿಗೆ, ಹಗ್ಗದಾಟ. ಚೆಂಡು ಮುಟ್ಟಿಸುತ್ತಿದ್ದದ್ದು ಕಡಿಮೆ. ವಾರ ಪೂರ್ತಿ ಚೆಂಡು ಕೊಡದಿದ್ದರೆ ಶನಿವಾರ ಅದಕ್ಕಾಗಿ ಹಸಿದಿರುತ್ತಾರೆ ಅನ್ನುವುದು ಆಗಿನ ನಂಬಿಕೆ. ನನಗೆ ಇದು ಶುದ್ಧ ದಡ್ಡತನ ಅನಿಸುತ್ತದೆ, ಆದರೆ ಇಂಗ್ಲೆಂಡಿನಲ್ಲಿ ಬಹಳ ವರ್ಷ ಇದೇ ನಡೆಯಿತು.

ಯುನೈಟೆಡ್ ಆಗ ಆಡುತ್ತಿದ್ದದ್ದು ಓಲ್ಡ್ ಟ್ರಾಫರ್ಡ್‌ನಲ್ಲಿ ಅಲ್ಲ, ಕ್ಲೇಟನ್ ಬಡಾವಣೆಯ ಬ್ಯಾಂಕ್ ಸ್ಟ್ರೀಟ್ ಮೈದಾನದಲ್ಲಿ. ಪಕ್ಕದಲ್ಲೇ ರಾಸಾಯನಿಕ ಕಾರ್ಖಾನೆ. ಗಾಳಿ ಈ ಕಡೆ ಬೀಸಿದರೆ ಮೈದಾನದ ತುಂಬ ಅದರ ಹೊಗೆ. ಕ್ಲಬ್ ಹೆಸರು ಬದಲಾಗಿ ಎರಡೇ ವರ್ಷ ಆಗಿತ್ತು. 1902ರ ತನಕ ಅದು ನ್ಯೂಟನ್ ಹೀತ್. ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು ಜಾನ್ ಹೆನ್ರಿ ಡೇವಿಸ್ ಅನ್ನುವ ಬಿಯರ್ ತಯಾರಕ ಎತ್ತಿ ನಿಲ್ಲಿಸಿದ್ದ. ರಾಬರ್ಟ್ಸ್ ಬಂದಾಗ ತಂಡ ಎರಡನೇ ಡಿವಿಷನ್‌ನಲ್ಲಿತ್ತು. 1906ರಲ್ಲಿ ಮೇಲೆ ಬಂತು. ಡಕ್‌ವರ್ತ್, ರಾಬರ್ಟ್ಸ್, ಬೆಲ್ ಅನ್ನುವ ನಡುವಿನ ಮೂವರ ಸಾಲು ಆಗ ದೇಶದಲ್ಲೇ ಹೆಸರು ಮಾಡಿತ್ತು.

ಅಷ್ಟರಲ್ಲಿ ಪಕ್ಕದ ಮ್ಯಾಂಚೆಸ್ಟರ್ ಸಿಟಿಯಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ಸಿಟಿಯ ಸ್ಟಾರ್ ಆಟಗಾರ, ವೇಲ್ಸ್‌ನ ಬಿಲ್ಲಿ ಮೆರೆಡಿತ್, ಆಸ್ಟನ್ ವಿಲ್ಲಾ ಕ್ಯಾಪ್ಟನ್‌ಗೆ ಹತ್ತು ಪೌಂಡ್ ಲಂಚದ ಆಮಿಷ ಒಡ್ಡಿದ ಅಂತ ಆರೋಪ ಬಂತು. ಅದರ ಬೆನ್ನು ಹತ್ತಿದಾಗ ಸಿಟಿ ಕ್ಲಬ್ ನಾಲ್ಕು ಪೌಂಡಿಗಿಂತ ಜಾಸ್ತಿ ಸಂಬಳ ಕೊಡುತ್ತಿದ್ದದ್ದು ಬಯಲಾಯಿತು. ಎಫ್‌ಎ 17 ಆಟಗಾರರನ್ನು 1907ರ ಜನವರಿ 1ರ ತನಕ ಹೊರಗಿಟ್ಟು, ಮತ್ತೆ ಸಿಟಿ ಪರ ಆಡಬಾರದು ಅಂದಿತು. ಯುನೈಟೆಡ್ ತಡ ಮಾಡಲಿಲ್ಲ. ಮೆರೆಡಿತ್, ಸ್ಯಾಂಡಿ ಟರ್ನ್‌ಬುಲ್ ಸೇರಿ ನಾಲ್ವರನ್ನು ಎಳೆದುಕೊಂಡಿತು. ನಿಷೇಧ ಮುಗಿದ ದಿನವೇ ಅವರು ಕೆಂಪು ಅಂಗಿ ಹಾಕಿಕೊಂಡು ಇಳಿದರು. 1907–08ರಲ್ಲಿ ಯುನೈಟೆಡ್ ಒಂಬತ್ತು ಪಾಯಿಂಟ್ ಅಂತರದಲ್ಲಿ ಲೀಗ್ ಗೆದ್ದಿತು. ಕ್ಲಬ್‌ನ ಮೊದಲ ಲೀಗ್ ಪ್ರಶಸ್ತಿ, ಕ್ಯಾಪ್ಟನ್ ರಾಬರ್ಟ್ಸ್.

ಈಗ ಯೂನಿಯನ್ನಿನ ವಿಷಯ. ಇದಕ್ಕೆ ಸಂಬಳ ಒಂದೇ ಕಾರಣ ಅಲ್ಲ. 1902ರಲ್ಲಿ ಸಿಟಿ ಆಟಗಾರ ಡೈ ಜೋನ್ಸ್ ಅಭ್ಯಾಸದ ಪಂದ್ಯದಲ್ಲಿ ಬಿದ್ದು ಗಾಜಿನ ಚೂರು ಮಂಡಿ ಕೊಯ್ದಿತು. ಗಾಯ ನಂಜಾಗಿ ಸತ್ತ. 1907ರ ಏಪ್ರಿಲ್‌ನಲ್ಲಿ ಯುನೈಟೆಡ್‌ನ ಥಾಮಸ್ ಬ್ಲಾಕ್‌ಸ್ಟಾಕ್ ಮೀಸಲು ತಂಡದ ಮ್ಯಾಚಿನಲ್ಲಿ ಚೆಂಡಿಗೆ ತಲೆ ಕೊಟ್ಟ ಮೇಲೆ ಕುಸಿದು ಬಿದ್ದು ತೀರಿಕೊಂಡ. ಸಹಜ ಸಾವು ಅಂತ ವಿಚಾರಣೆ ಮುಗಿಯಿತು. ಮನೆಯವರಿಗೆ ಪರಿಹಾರ ಅಂತ ಏನೂ ಸಿಗಲಿಲ್ಲ. ಕೆಲಸದಲ್ಲಿ ಪೆಟ್ಟಾದ ಕಾರ್ಮಿಕನಿಗೆ ಪರಿಹಾರ ಕೊಡುವ ಕಾನೂನು 1906ರಲ್ಲೇ ಬಂದಿತ್ತು. ಆದರೆ ಫುಟ್‌ಬಾಲ್ ಆಟಗಾರ ಕಾರ್ಮಿಕನೋ ಅಲ್ಲವೋ ಅನ್ನುವುದೇ ಇತ್ಯರ್ಥ ಆಗಿರಲಿಲ್ಲ.

1907ರ ಡಿಸೆಂಬರ್ 2ರಂದು ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಆಟಗಾರರು ಸೇರಿದರು. ಸಭೆಯ ಅಧ್ಯಕ್ಷತೆ ಮೆರೆಡಿತ್‌ನದು. ರಾಬರ್ಟ್ಸ್ ಮೊದಲಿನಿಂದಲೂ ಮುಂದಾಳು, ಆಮೇಲೆ ಯೂನಿಯನ್ನಿನ ಅಧ್ಯಕ್ಷನಾಗಿ 1921ರ ತನಕ ಇದ್ದ. ಕಾರ್ಯದರ್ಶಿ ಹರ್ಬರ್ಟ್ ಬ್ರೂಮ್‌ಫೀಲ್ಡ್, ಯುನೈಟೆಡ್‌ನ ಗೋಲ್‌ಕೀಪರ್. 1898ರಲ್ಲೂ ಒಂದು ಯೂನಿಯನ್ ಶುರುವಾಗಿ ಕೆಲವೇ ವರ್ಷದಲ್ಲಿ ಮುಚ್ಚಿಹೋಗಿತ್ತು. ಇದೂ ಹಾಗೇ ಆಗುತ್ತದೆ ಅಂತ ಎಫ್‌ಎ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡದ್ದು ಎರಡು ಕಾರಣಕ್ಕೆ. ಸಂಬಳ, ಪರಿಹಾರದ ವ್ಯಾಜ್ಯಗಳನ್ನು ಯೂನಿಯನ್ ಕೋರ್ಟಿಗೆ ಒಯ್ಯುತ್ತದೆ ಅಂತ ಗೊತ್ತಾಯಿತು. ಎಫ್‌ಎ ಪ್ರಕಾರ ಆಟದ ಜಗಳ ಆಟದೊಳಗೇ, ಅಂದರೆ ಎಫ್‌ಎ ಕೈಯಲ್ಲೇ, ತೀರಬೇಕು. ಇನ್ನೊಂದು, ಆಟಗಾರರು ಬೇರೆ ಕಾರ್ಮಿಕರ ಯೂನಿಯನ್‌ಗಳ ಒಕ್ಕೂಟಕ್ಕೆ ಸೇರುವ ಮಾತು ನಡೆಸಿದರು. ನಾಳೆ ಗಣಿ ಕಾರ್ಮಿಕರು ಮುಷ್ಕರ ಹೂಡಿದರೆ ಶನಿವಾರದ ಮ್ಯಾಚೂ ನಿಲ್ಲಬಹುದಲ್ಲ! ಎಫ್‌ಎಗೆ ಇದು ನುಂಗಲಾರದ ಬಿಸಿ ತುಪ್ಪ ಆಯಿತು.

1909 ಎರಡು ಥರದಲ್ಲೂ ರಾಬರ್ಟ್ಸ್ ಬದುಕಿನ ದೊಡ್ಡ ವರ್ಷ. ಮೊದಲು ಆಟದ ಕಡೆ. ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಬರ್ನ್ಲಿ ಎದುರು ಯುನೈಟೆಡ್ 1–0 ಹಿಂದೆ ಇತ್ತು. ಹಿಮ ಸುರಿಯುತ್ತಿತ್ತು. ಇನ್ನು 18 ನಿಮಿಷ ಇದ್ದಾಗ ರೆಫರಿ ಹರ್ಬರ್ಟ್ ಬ್ಯಾಮ್ಲೆಟ್ ಆಟ ನಿಲ್ಲಿಸಿದ. ಮತ್ತೆ ಆಡಿದಾಗ ಯುನೈಟೆಡ್ 3–2ರಿಂದ ಗೆದ್ದಿತು. ಬರ್ನ್ಲಿಯವರಿಗೆ ಎಷ್ಟು ಉರಿದಿರಬೇಕು! ತಮಾಷೆ ಅಂದರೆ, ಇದೇ ಬ್ಯಾಮ್ಲೆಟ್ ಮುಂದೆ ಓಲ್ಡಮ್ ಕ್ಲಬ್‌ಗೆ ಮ್ಯಾನೇಜರ್ ಆಗಿ ಬಂದಾಗ ಅಲ್ಲಿ ಕ್ಯಾಪ್ಟನ್ ಆಗಿದ್ದದ್ದು ರಾಬರ್ಟ್ಸ್. ಆಮೇಲೆ ಯುನೈಟೆಡ್‌ಗೂ ಬ್ಯಾಮ್ಲೆಟ್ ಮ್ಯಾನೇಜರ್ ಆದ.

ಸೆಮಿಫೈನಲ್‌ನಲ್ಲಿ ನ್ಯೂಕ್ಯಾಸಲ್ ಸೋತಿತು. ಫೈನಲ್ ಏಪ್ರಿಲ್ 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ, ಬ್ರಿಸ್ಟಲ್ ಸಿಟಿ ಎದುರು. 70 ಸಾವಿರಕ್ಕೂ ಜಾಸ್ತಿ ಜನ. ಟರ್ನ್‌ಬುಲ್‌ಗೆ ಪೆಟ್ಟಾಗಿತ್ತು. ಅವನು ಆಡಲಿ, ಒಂದು ಗೋಲ್ ಹೊಡೆದರೆ ಸಾಕು, ಆಮೇಲೆ ಅವನ ಭಾರ ನಾವು ಹೊರುತ್ತೇವೆ ಅಂತ ರಾಬರ್ಟ್ಸ್ ಪಟ್ಟು ಹಿಡಿದ ಅನ್ನುವ ಕತೆ ಇದೆ. ಟರ್ನ್‌ಬುಲ್ ಆಡಿದ. ಆ ಮ್ಯಾಚಿನ ಒಂದೇ ಗೋಲ್ ಅವನದು. ಕಪ್ ಎತ್ತಿದ್ದು ರಾಬರ್ಟ್ಸ್. ಕಪ್‌ಗೂ ಒಂದು ಗತಿ ಆಯಿತು. ಯುನೈಟೆಡ್‌ನವರು ಅದರ ನಕಲು ಮಾಡಿಸಿದರು ಅಂತ ತಿಳಿದು ಎಫ್‌ಎ ಆ ವಿನ್ಯಾಸವನ್ನೇ ಕೈಬಿಟ್ಟು 1911ರಲ್ಲಿ ಹೊಸ ಕಪ್ ಮಾಡಿಸಿತು.

ಆ ಬೇಸಿಗೆಯಲ್ಲಿ ಎಫ್‌ಎ ಯೂನಿಯನ್ನಿಗೆ ಕೊಟ್ಟಿದ್ದ ಮಾನ್ಯತೆ ಕಿತ್ತುಕೊಂಡು, ಜುಲೈ 1ರ ಒಳಗೆ ಎಲ್ಲರೂ ಅದನ್ನು ಬಿಡಬೇಕು, ಇಲ್ಲದಿದ್ದರೆ ನೋಂದಣಿ ರದ್ದು ಅಂತ ಹೇಳಿತು. ಮನೆ ಮಕ್ಕಳು ಇದ್ದವರು ಏನು ಮಾಡುತ್ತಾರೆ? ಇಂಗ್ಲೆಂಡಿನ ತುಂಬ ಆಟಗಾರರು ಒಬ್ಬೊಬ್ಬರಾಗಿ ಯೂನಿಯನ್ ಬಿಟ್ಟರು. ಅವರನ್ನು ಹೇಡಿಗಳು ಅನ್ನುವುದು ಸುಲಭ, ನಾನು ಅನ್ನುವುದಿಲ್ಲ. ಜಗ್ಗದೆ ನಿಂತದ್ದು ಯುನೈಟೆಡ್ ಆಟಗಾರರು. ಕಪ್ ಗೆದ್ದ ತಂಡಕ್ಕೆ ಸಂಬಳ ನಿಂತಿತು. ಮೈದಾನಕ್ಕೆ ಪ್ರವೇಶ ಇಲ್ಲ. ಅವರು ಮ್ಯಾಂಚೆಸ್ಟರ್‌ನ ಫಾಲೋಫೀಲ್ಡ್‌ನಲ್ಲಿ ತಾವೇ ಅಭ್ಯಾಸ ಶುರು ಮಾಡಿದರು. ಎವರ್ಟನ್ ಕ್ಲಬ್‌ನ ಟಿಮ್ ಕೋಲ್‌ಮನ್ ಬಂದು ಸೇರಿಕೊಂಡ. ಅವನಿಗೆ ಹಾಗೆ ಮಾಡಬೇಕಾದ ಯಾವ ಬಲವಂತವೂ ಇರಲಿಲ್ಲ.

ಒಂದು ದಿನ ಫೋಟೋ ತೆಗೆಯುವವನು ಬಂದ. ರಾಬರ್ಟ್ಸ್ ಒಂದು ಹಲಗೆಯ ಮೇಲೆ 'ಔಟ್‌ಕಾಸ್ಟ್ಸ್ ಎಫ್‌ಸಿ 1909' ಅಂತ ಬರೆಸಿ ತಂಡದ ಮುಂದೆ ಇಟ್ಟ. ಹೊರಗೆ ಹಾಕಿದವರ ಕ್ಲಬ್. ಆ ಫೋಟೋ ಪೇಪರಿನಲ್ಲಿ ಬಂತು. ಅಷ್ಟು ಹೊತ್ತಿಗೆ ನ್ಯೂಕ್ಯಾಸಲ್‌ನ ಕಾಲಿನ್ ವೀಚ್ ಎರಡೂ ಕಡೆಯವರ ನಡುವೆ ಮಾತುಕತೆ ನಡೆಸುತ್ತಿದ್ದ. ಬೇರೆ ಕ್ಲಬ್ ಆಟಗಾರರೂ ಯೂನಿಯನ್ ಕಡೆ ವಾಲುವುದಕ್ಕೆ ಶುರು ಮಾಡಿದರು. ಸೆಪ್ಟೆಂಬರ್ 1ಕ್ಕೆ ಲೀಗ್ ಶುರು. ಆಗಸ್ಟ್ 31ರಂದು ಎಫ್‌ಎ ಮಣಿಯಿತು. ಯೂನಿಯನ್ನಿಗೆ ಮತ್ತೆ ಮಾನ್ಯತೆ ಸಿಕ್ಕಿತು.

ಪೂರ್ತಿ ಗೆಲುವು ಅನ್ನುವ ಹಾಗಿಲ್ಲ. ಕಾರ್ಮಿಕ ಒಕ್ಕೂಟಕ್ಕೆ ಸೇರುವ ಆಸೆಯನ್ನು ಆಟಗಾರರು ಬಿಡಬೇಕಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಅವರೇ ವೋಟು ಹಾಕಿ ಬೇಡ ಅಂದರು. ನಾಲ್ಕು ಪೌಂಡಿನ ಮಿತಿಯೂ ಹೋಗಲಿಲ್ಲ. 1910ರಲ್ಲಿ ಹಲವು ವರ್ಷ ಆಡಿದವರಿಗೆ ಐದು ಪೌಂಡ್ ತನಕ ಏರಿಸುವ ಅವಕಾಶ ಬಂತು, ಅಷ್ಟೇ. ಅದೇ ವರ್ಷದ ಫೆಬ್ರವರಿ 19ರಂದು ಓಲ್ಡ್ ಟ್ರಾಫರ್ಡ್ ಶುರುವಾಯಿತು, ಮೊದಲ ಮ್ಯಾಚಿನಲ್ಲಿ ಲಿವರ್‌ಪೂಲ್ ಎದುರು 4–3ರಿಂದ ಸೋತದ್ದು ಬೇರೆ ಮಾತು. ಡೇವಿಸ್ ಅದಕ್ಕೆ ಸುಮಾರು 60 ಸಾವಿರ ಪೌಂಡ್ ಹಾಕಿದ. ಆ ಮೈದಾನ ತುಂಬಿಸುತ್ತಿದ್ದ ಕ್ಯಾಪ್ಟನ್‌ಗೆ ವರ್ಷಕ್ಕೆ ಇನ್ನೂರ ಚಿಲ್ಲರೆ ಪೌಂಡ್.

ಕೋರ್ಟಿನಲ್ಲಿ ಮಾತ್ರ ಒಂದು ಒಳ್ಳೆಯದು ನಡೆಯಿತು. ವಾಕರ್ ಅನ್ನುವ ಆಟಗಾರ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ ನಡುವಿನ ಕೇಸಿನಲ್ಲಿ, ಪ್ರೊಫೆಶನಲ್ ಫುಟ್‌ಬಾಲ್ ಆಟಗಾರ ಕಾನೂನಿನ ಪ್ರಕಾರ ಕಾರ್ಮಿಕನೇ ಅಂತ ಮೇಲ್ಮನವಿ ಕೋರ್ಟು ಹೇಳಿತು. 1910ರ ಹೊತ್ತಿಗೆ ಪೆಟ್ಟಾದವನು ಪರಿಹಾರ ಕೇಳುವುದಕ್ಕೆ ದಾರಿ ಆಯಿತು. ಬ್ಲಾಕ್‌ಸ್ಟಾಕ್ ಮನೆಯವರಿಗೆ ಅದು ತಡವಾಗಿತ್ತು. 1912ರಲ್ಲಿ ಹರ್ಬರ್ಟ್ ಕಿಂಗಬಿ ಅನ್ನುವವನ ಕೇಸು ಹಿಡಿದು ನೋಂದಣಿ ನಿಯಮವನ್ನೇ ಪ್ರಶ್ನೆ ಮಾಡಲು ಹೋದಾಗ ಯೂನಿಯನ್ ಸೋತಿತು. ಖರ್ಚಿಗೆ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂತು.

ಈಗ ನಿಮ್ಮ ಮೂರು ಮ್ಯಾಚಿನ ಪ್ರಶ್ನೆ. ರಾಬರ್ಟ್ಸ್ ಇಂಗ್ಲೆಂಡ್ ಪರ ಆಡಿದ್ದು 1905ರಲ್ಲಿ, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಎದುರು. ಮೂರರಲ್ಲೂ ಇಂಗ್ಲೆಂಡ್ ಸೋಲಲಿಲ್ಲ. ಯುನೈಟೆಡ್‌ನಿಂದ ಇಂಗ್ಲೆಂಡಿಗೆ ಆಡಿದ ಮೊದಲಿಗ ಅವನೇ. ಅದೂ ಕ್ಲಬ್ ಎರಡನೇ ಡಿವಿಷನ್‌ನಲ್ಲಿ ಇರುವಾಗ. ಅಲ್ಲಿಂದ ಮುಂದೆ ಅವನನ್ನು ಕರೆಯಲೇ ಇಲ್ಲ.

ಯೂನಿಯನ್ ಹುಟ್ಟಿದ್ದು 1907ರ ಡಿಸೆಂಬರ್‌ನಲ್ಲಿ. ಅಂದರೆ ಅದಕ್ಕೂ ಎರಡೂವರೆ ವರ್ಷ ಮುಂಚೆಯೇ ಅವನು ಇಂಗ್ಲೆಂಡ್ ತಂಡದಿಂದ ಹೊರಗೆ ಇದ್ದ. ಮೊದಲ ಸಲ ಬಿಟ್ಟದ್ದಕ್ಕೆ ಯೂನಿಯನ್ ಕಾರಣ ಆಗುವುದಕ್ಕೆ ಸಾಧ್ಯವೇ ಇಲ್ಲ. ಸೇಡಿನ ಕತೆ ಹೇಳುವವರು ಈ ತಾರೀಖನ್ನು ಜಾರಿಸಿಬಿಡುತ್ತಾರೆ.

ಇನ್ನೊಂದು ಹೆಸರನ್ನೂ ಅವರು ಹೇಳುವುದಿಲ್ಲ, ಬಿಲ್ಲಿ ವೆಡ್‌ಲಾಕ್. ಬ್ರಿಸ್ಟಲ್ ಸಿಟಿಯ ಸೆಂಟರ್ ಹಾಫ್. ಗಿಡ್ಡ ಆಸಾಮಿ, ಐದು ಅಡಿ ನಾಲ್ಕು ಇಂಚಿನ ಆಸುಪಾಸು. ಬಿದ್ದರೂ ಪುಟಿದು ಏಳುತ್ತಿದ್ದ ಅಂತ ಅವನನ್ನು 'ಇಂಡಿಯಾ ರಬ್ಬರ್ ಮ್ಯಾನ್' ಅನ್ನುತ್ತಿದ್ದರು. 1907ರಿಂದ 1914ರ ತನಕ ಇಂಗ್ಲೆಂಡ್ ಪರ 26 ಮ್ಯಾಚ್ ಆಡಿದ. ರಾಬರ್ಟ್ಸ್ ನಿಲ್ಲುವ ಜಾಗದಲ್ಲೇ. 1909ರ ಕಪ್ ಫೈನಲ್‌ನಲ್ಲಿ ರಾಬರ್ಟ್ಸ್ ಎದುರು ಇದ್ದವನೂ ಇವನೇ. ಇಂಥ ಆಟಗಾರ ಇರುವಾಗ ಎರಡನೆಯವನು ಹೊರಗೆ ಕೂರಬೇಕಾಗುತ್ತದೆ. ಅದರಲ್ಲಿ ಮೋಸ ಹುಡುಕಬೇಕಾಗಿಲ್ಲ.

ಹಾಗಾದರೆ ಸೇಡು ಬರೀ ಕಟ್ಟುಕತೆಯಾ? ಹಾಗೂ ಹೇಳಲಾರೆ. ಇಂಗ್ಲೆಂಡ್ ತಂಡ ಆರಿಸುತ್ತಿದ್ದದ್ದು ಎಫ್‌ಎ ಸಮಿತಿ, ಅಂದರೆ ರಾಬರ್ಟ್ಸ್ ಜಗಳ ಆಡುತ್ತಿದ್ದ ಅದೇ ಸಂಸ್ಥೆ. ಕ್ಲಬ್‌ಗಳ ಲೀಗ್ ತನ್ನ ಆಯ್ಕೆ ತಂಡಕ್ಕೆ ಅವನನ್ನು ಹಲವು ಸಲ ಕರೆದಿತ್ತು. 1908ರಿಂದ 1911ರ ನಡುವೆ ಎರಡು ಲೀಗ್, ಒಂದು ಕಪ್ ಗೆದ್ದ ಕ್ಯಾಪ್ಟನ್. ವೆಡ್‌ಲಾಕ್‌ಗೆ ಒಂದು ದಿನ ರಜಾ ಕೊಟ್ಟು ಇವನನ್ನು ಆಡಿಸಬಹುದಿತ್ತು, ಪಕ್ಕದ ಜಾಗದಲ್ಲಾದರೂ ನಿಲ್ಲಿಸಿ ನೋಡಬಹುದಿತ್ತು. ಒಂದು ಸಲವೂ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಬಿಟ್ಟದ್ದು ಆಟದ ಕಾರಣಕ್ಕೆ, ಮತ್ತೆ ಕರೆಯದೇ ಇದ್ದದ್ದರಲ್ಲಿ ಮುನಿಸಿನ ಪಾಲು ಇದೆ. ಕೈ ಬಿಟ್ಟವನನ್ನು ಮತ್ತೆ ಕರೆಯದೇ ಇರುವುದಕ್ಕೆ ಯಾರೂ ಕಾರಣ ಕೊಡಬೇಕಾಗಿಲ್ಲ, ಅದೇ ಅದರ ಅನುಕೂಲ.

ಹಾಗೆ ನೋಡಿದರೆ ಅವನಿಗೆ ಆದ ಅನ್ಯಾಯವನ್ನು ಇಂಗ್ಲೆಂಡ್ ಮ್ಯಾಚುಗಳಲ್ಲಿ ಎಣಿಸುವುದೇ ತಪ್ಪು ಅನಿಸುತ್ತದೆ. 1909ರಲ್ಲಿ ಅವನು ಪಣಕ್ಕೆ ಇಟ್ಟದ್ದು ವಾರದ ಸಂಬಳ, ಮತ್ತು ಅದರ ಜೊತೆಗೆ ಬೆನಿಫಿಟ್ ದುಡ್ಡು. ಐದು ವರ್ಷ ಒಂದೇ ಕ್ಲಬ್‌ನಲ್ಲಿ ಆಡಿದವನಿಗೆ ಒಂದು ಮ್ಯಾಚಿನ ಕಲೆಕ್ಷನ್ ಬಿಟ್ಟುಕೊಡುವ ಪದ್ಧತಿ ಇತ್ತು, ಅದನ್ನು ಬೆನಿಫಿಟ್ ಅನ್ನುತ್ತಿದ್ದರು. ರಾಬರ್ಟ್ಸ್‌ಗೆ ಕ್ಲಬ್ 500 ಪೌಂಡಿನ ಖಾತರಿ ಕೊಟ್ಟಿತ್ತು. ಎರಡು ವರ್ಷದ ಸಂಬಳಕ್ಕಿಂತ ಜಾಸ್ತಿ. ಆಟ ಬಿಟ್ಟ ಮೇಲೆ ಒಂದು ಅಂಗಡಿ ಇಡುವುದಕ್ಕೆ ಆಟಗಾರನಿಗೆ ಇದ್ದ ಗಂಟು ಅಂದರೆ ಅದೊಂದೇ. ಎಫ್‌ಎ ಮಣಿಯದಿದ್ದರೆ ಅದೂ ಹೋಗುತ್ತಿತ್ತು.

ಮುಂದಿನದು ಬೇಗ ಹೇಳುತ್ತೇನೆ. 1911ರ ಏಪ್ರಿಲ್ 29ರಂದು, ಕೊನೇ ದಿನ, ಯುನೈಟೆಡ್ ಸಂಡರ್‌ಲೆಂಡ್‌ಗೆ 5–1 ಹೊಡೆಯಿತು. ಅತ್ತ ಆಸ್ಟನ್ ವಿಲ್ಲಾ ಲಿವರ್‌ಪೂಲ್‌ನಲ್ಲಿ ಸೋತಿತು. ಒಂದೇ ಪಾಯಿಂಟಿನಿಂದ ಎರಡನೇ ಲೀಗ್ ಪ್ರಶಸ್ತಿ. ಆಮೇಲೆ ತಂಡ ಒಡೆಯಿತು. ಮ್ಯಾನೇಜರ್ ಅರ್ನೆಸ್ಟ್ ಮ್ಯಾಂಗ್ನಲ್ 1912ರಲ್ಲಿ ಸಿಟಿಗೆ ಹೋದ. 1913ರಲ್ಲಿ ಸುಮಾರು 1,500 ಪೌಂಡಿಗೆ ರಾಬರ್ಟ್ಸ್‌ನನ್ನು ಓಲ್ಡಮ್‌ಗೆ ಮಾರಿದರು. ಸಣ್ಣ ಕ್ಲಬ್. ಅವನ ಕ್ಯಾಪ್ಟನ್ಸಿಯಲ್ಲಿ 1915ರಲ್ಲಿ ಎವರ್ಟನ್‌ಗಿಂತ ಒಂದೇ ಪಾಯಿಂಟ್ ಹಿಂದೆ ಎರಡನೇ ಜಾಗಕ್ಕೆ ಬಂತು. ಓಲ್ಡಮ್ ಅಷ್ಟು ಮೇಲೆ ಮತ್ತೆ ಹೋಗಲಿಲ್ಲ. ಯುದ್ಧ ಬಂದು ಲೀಗ್ ನಿಂತಿತು, ರಾಬರ್ಟ್ಸ್ ಆಟವೂ ಅಲ್ಲಿಗೆ ಮುಗಿಯಿತು. ಟರ್ನ್‌ಬುಲ್ 1917ರ ಮೇನಲ್ಲಿ ಫ್ರಾನ್ಸಿನ ಅರಾಸ್ ಕದನದಲ್ಲಿ ಸತ್ತ.

1921ರಲ್ಲಿ ರಾಬರ್ಟ್ಸ್ ಓಲ್ಡಮ್‌ಗೆ ಮ್ಯಾನೇಜರ್ ಆಗಿ ಹೋದ, ಮರುವರ್ಷವೇ ಬಿಟ್ಟ. ಹೊರಗೆ ಕೂತು ನೋಡುವುದು ಅವನಿಂದ ಆಗಲಿಲ್ಲವಂತೆ. ಆದರೆ ವ್ಯಾಪಾರ ಕೈ ಹಿಡಿಯಿತು. ಕ್ಲೇಟನ್‌ನಲ್ಲಿ ಪೇಪರು, ತಂಬಾಕಿನ ಅಂಗಡಿ ಇಟ್ಟಿದ್ದ. ಅದು ಬೆಳೆದು ಸಗಟು ತಂಬಾಕು ವ್ಯಾಪಾರ ಆಯಿತು. 'ಡಕ್ರೊಬೆಲ್' ಅನ್ನುವ ಸಿಗಾರ್ ಮಾರುತ್ತಿದ್ದ. ಡಕ್‌ವರ್ತ್, ರಾಬರ್ಟ್ಸ್, ಬೆಲ್, ಮೂರೂ ಹೆಸರು ಸೇರಿಸಿ ಮಾಡಿದ್ದು. ಆಗಿನ ಎಷ್ಟೋ ಆಟಗಾರರು ಆಟ ಮುಗಿದ ಮೇಲೆ ಗಣಿಗೆ, ಮಿಲ್ಲಿಗೆ ವಾಪಸ್ ಹೋದರು. ಅವರ ಪಕ್ಕ ಇಟ್ಟು ನೋಡಿದರೆ ರಾಬರ್ಟ್ಸ್ ಬದುಕು ಚೆನ್ನಾಗೇ ನಡೆಯಿತು. 1939ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವನಿಗೆ 56.

ಆಟದ ಮಟ್ಟಿಗೆ ಅವನ ಪ್ರಭಾವ ಹುಡುಕುವುದಾದರೆ ಇಂಗ್ಲೆಂಡಿಗಿಂತ ಇಟಲಿಯಲ್ಲಿ ಹುಡುಕಿ. ವಿಟ್ಟೋರಿಯೊ ಪೊಝೊ ಅನ್ನುವ ಇಟಲಿಯ ಹುಡುಗ ಓದುವುದಕ್ಕೆ ಇಂಗ್ಲೆಂಡಿಗೆ ಬಂದವನು ಯುನೈಟೆಡ್ ಮ್ಯಾಚುಗಳಿಗೆ ಹೋಗುತ್ತಿದ್ದ. ರಾಬರ್ಟ್ಸ್ ಉದ್ದ ಪಾಸುಗಳನ್ನು ಕೊಡುವುದು ನೋಡಿ ಮರುಳಾಗಿ, ಅವನನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸಿದ. ಇಬ್ಬರೂ ಗೆಳೆಯರಾದರು. ಇದೇ ಪೊಝೊ ಕೋಚ್ ಆಗಿ ಇಟಲಿಗೆ 1934 ಮತ್ತು 1938ರ ವಿಶ್ವಕಪ್ ಗೆದ್ದುಕೊಟ್ಟ. ಅವನಿಗೆ ಬೇಕಿದ್ದ ಸೆಂಟರ್ ಹಾಫ್ ಕಾವಲುಗಾರ ಅಲ್ಲ, ರಾಬರ್ಟ್ಸ್ ಥರ ಆಟ ಕಟ್ಟುವವನು. 1934ರ ತಂಡದಲ್ಲಿ ಲೂಯಿಸ್ ಮೊಂಟಿ ಆ ಕೆಲಸ ಮಾಡಿದ. ಇಂಗ್ಲೆಂಡ್ ಆ ಎರಡೂ ವಿಶ್ವಕಪ್‌ಗೆ ಹೋಗಲೇ ಇಲ್ಲ.

ಇನ್ನು ಆ ಸಂಬಳದ ಮಿತಿ. ಅದು ಏರುತ್ತಾ ಏರುತ್ತಾ 20 ಪೌಂಡಿಗೆ ಬಂದು, ಆಟಗಾರರು ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರಲ್ಲಿ ಹೋಯಿತು. ಆಗ ಯೂನಿಯನ್ನಿನ ಅಧ್ಯಕ್ಷ ಜಿಮ್ಮಿ ಹಿಲ್. ಹಿಡಿದಿಟ್ಟುಕೊಳ್ಳುವ ನೋಂದಣಿ ನಿಯಮದ ಬಿಗಿ ಸಡಿಲ ಆದದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹ್ಯಾಮ್ ನ್ಯೂಕ್ಯಾಸಲ್ ಕ್ಲಬ್ ಮೇಲೆ ಹಾಕಿದ ಕೇಸಿನಲ್ಲಿ. ಆ ಕೇಸಿಗೆ ದುಡ್ಡು ಹಾಕಿದ್ದು 1907ರಲ್ಲಿ ಇಂಪೀರಿಯಲ್ ಹೋಟೆಲಿನಲ್ಲಿ ಶುರುವಾದ ಯೂನಿಯನ್ನೇ. ಅದು ಈಗಲೂ ಇದೆ, ಹೆಸರು ಮಾತ್ರ ಪ್ರೊಫೆಶನಲ್ ಫುಟ್‌ಬಾಲರ್ಸ್ ಅಸೋಸಿಯೇಷನ್ ಅಂತ ಬದಲಾಗಿದೆ.